ಎಡಗೈ ಕಟ್ಟಿದವರು

"ಎಷ್ಟು ದಿನ ಬೇಕಂತೆ?"

ಈ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಚನ್ನಗಿರಿಯಲ್ಲಿ ನನ್ನ ಗುರುತಿನವರು ಯಾರೂ ಇದನ್ನು ಕೇಳದೆ ಬಿಟ್ಟಿಲ್ಲ. ತರಕಾರಿ ಸಾವಂತ್ರಮ್ಮ ಬದನೆಕಾಯಿ ತೂಗುತ್ತಾ ಕೇಳುತ್ತಾಳೆ. ನಾನು ಕೆಲಸ ಮಾಡುವ ಸಹಕಾರಿ ಬ್ಯಾಂಕಿನ ಮ್ಯಾನೇಜರು ರಜೆ ಚೀಟಿಗೆ ಸಹಿ ಹಾಕುವ ಮುಂಚೆ ಪೆನ್ನು ಎತ್ತಿ ಹಿಡಿದು ಕೇಳುತ್ತಾರೆ. ಮದುವೆ ಮನೆಗೆ ಹೋದರೆ ಗುರುತೇ ಇಲ್ಲದ ಹೆಂಗಸು ಪಕ್ಕಕ್ಕೆ ಸರಿದು ಕೂತು ಕೇಳುತ್ತಾಳೆ. ಜ್ವರಕ್ಕೆ ಇಷ್ಟು ದಿನ ಮಾತ್ರೆ, ಮೂಳೆ ಮುರಿದರೆ ಇಷ್ಟು ದಿನ ಪಟ್ಟಿ, ಹಾಗೆ ನಿನ್ನ ಮಗಳಿಗೆ ಎಷ್ಟು ಅಂತ. ನನ್ನ ಮಗಳೇನು ರಿಪೇರಿಗೆ ಬಿಟ್ಟ ಮಿಕ್ಸಿಯೇ?

ಮಗಳ ಹೆಸರು ಮೇಘಶ್ರೀ. ಮನೆಯಲ್ಲಿ ಮೇಘು. ಎರಡನೇ ಕ್ಲಾಸು. ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಆಗ ಮಿದುಳಿಗೆ ಪೆಟ್ಟಾಗಿ ಬಲಗೈ, ಬಲಗಾಲು ಬಿಗಿಯಾದವು. ಕಾಲು ಎಳೆದುಕೊಂಡೇ ಓಡುತ್ತಾಳೆ, ಅದಕ್ಕೇನೂ ಕೊರತೆಯಿಲ್ಲ. ಬಲಗೈ ಮಾತ್ರ ಮೊಣಕೈಯಲ್ಲಿ ಮಡಿಸಿಕೊಂಡು, ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಎದೆಯ ಹತ್ತಿರವೇ ಇರುತ್ತದೆ. ಎಡಗೈ ಚುರುಕು, ತಲೆ ಚುರುಕು, ಬಾಯಿ ಎಲ್ಲಕ್ಕಿಂತ ಚುರುಕು. ಬಾಯಿ ತಾಯಿಯದೇ ಅಂತ ನಮ್ಮತ್ತೆ ಹೇಳುತ್ತಾರೆ. ಹೊಗಳುವುದಕ್ಕಲ್ಲ.

ಅವಳಿಗೆ ಥೆರಪಿ ಮಾಡುವವರು ಸಂಘಮಿತ್ರಾ ಮೇಡಂ. ಜಗಳೂರು ತಾಲ್ಲೂಕಿನ ಬಿಳಿಚೋಡಿನವರು, ಇರುವುದು ದಾವಣಗೆರೆಯಲ್ಲಿ. ಶನಿವಾರ ಬಸ್ಸು ಹಿಡಿದು ಚನ್ನಗಿರಿಗೆ ಬಂದು, ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಮಕ್ಕಳನ್ನು ನೋಡುತ್ತಾರೆ. ಆಕ್ಯುಪೇಷನಲ್ ಥೆರಪಿ ಅಂದರೇನು ಅಂತ ನಾನು ಮೊದಲ ದಿನ ಕೇಳಿದಾಗ ಅವರು ನಕ್ಕು, "ಅಂಗಿ ಹಾಕ್ಕೊಳ್ಳೋದು, ಉಣ್ಣೋದು, ಬರೆಯೋದು, ಆಡೋದು. ಮಕ್ಕಳಿಗೆ ಕೆಲಸ ಅಂದ್ರೆ ಇದೇ ಅಲ್ವಾ? ಆ ಕೆಲಸ ಕಲಿಸೋದು" ಅಂದಿದ್ದರು.

ನಮ್ಮ ಮಾವ ಹಾಲಸ್ವಾಮಿಯವರಿಗೆ ಅಡಿಕೆ ಮಂಡಿ ಇದೆ. ಊರಲ್ಲಿ ಅವರ ಮಾತಿಗೆ ಬೆಲೆಯಿದೆ, ಮನೆಯಲ್ಲಂತೂ ಬೇರೆಯವರ ಮಾತಿಗೆ ಬೆಲೆಯೇ ಇಲ್ಲ. ಶ್ರಾವಣದಲ್ಲಿ ಮೊಮ್ಮಗಳಿಗೆ ಲಿಂಗದೀಕ್ಷೆ ಕೊಡಿಸಬೇಕು ಅಂತ ಅವರು ಬೇಸಿಗೆಯಲ್ಲೇ ಮಠಕ್ಕೆ ಹೋಗಿ ಸ್ವಾಮಿಗಳಿಂದ ದಿನ ಗೊತ್ತು ಮಾಡಿಕೊಂಡು ಬಂದರು. ನೆಂಟರಿಷ್ಟರ ಮುಂದೆ ಮಗು ಬಲಗೈಯಲ್ಲಿ ಲಿಂಗಕ್ಕೆ ಪತ್ರೆ ಏರಿಸಬೇಕು, ಆಮೇಲೆ ಪಂಕ್ತಿಯಲ್ಲಿ ಕೂತು ಬಲಗೈಯಲ್ಲಿ ಉಣ್ಣಬೇಕು. ಅದು ಅವರ ಆಸೆ. ಆಸೆ ತಪ್ಪಲ್ಲ. ಅದನ್ನು ಹಿಡಿದುಕೊಂಡು ಒಂದು ಶನಿವಾರ ನಮ್ಮ ಜೊತೆ ಥೆರಪಿ ಕೋಣೆಗೇ ಬಂದರು.

"ನೋಡ್ರಿ ಮೇಡಂ, ನಾನು ಗುಜರಾತಿಗೆ ಲೋಡ್ ಕಳಿಸಿದ್ರೆ ಎಷ್ಟು ದಿನಕ್ಕೆ ಮುಟ್ತದೆ ಅಂತ ಲಾರಿ ಡ್ರೈವರ್ ಹೇಳ್ತಾನೆ. ನೀವು ಓದಿದೋರು. ನಮ್ಮ ಮಗೂಗೆ ಎಷ್ಟು ದಿನ ಬೇಕು? ಶ್ರಾವಣದೊಳಗೆ ಮುಗೀತದೋ ಇಲ್ಲೋ?"

"ತಾರೀಖು ಹೇಳಾಕೆ ಬರಲ್ಲ ಸರ್," ಅಂದರು ಸಂಘಮಿತ್ರಾ. "ಕೆಲವು ಮಕ್ಕಳಿಗೆ ಕೆಲವು ತಿಂಗಳು ಸಾಕು. ಮೇಘೂಗೆ ವರ್ಷಗಟ್ಟಲೆ ಬೇಕಾಗ್ತದೆ. ನಡುವೆ ನಿಲ್ಲಿಸಬಹುದು, ಮೈ ಬೆಳೆದಾಗ, ದೊಡ್ಡ ಕ್ಲಾಸಿಗೆ ಹೋದಾಗ ಮತ್ತೆ ಶುರು ಮಾಡಬೇಕಾಗಬಹುದು. ಬಲಗೈ ಯಾವತ್ತಿದ್ರೂ ಸಹಾಯಕ್ಕೆ ಬರೋ ಕೈ. ಮುಖ್ಯ ಕೆಲಸ ಎಡಗೈದೇ. ಅವಳಿಗೆ ಏನು ಮಾಡಬೇಕು ಅನ್ನಿಸ್ತದೋ ಅದನ್ನ ಅವಳೇ ಮಾಡ್ಕೊಂಡ ದಿನ ನನ್ನ ಕೆಲಸ ಮುಗೀತು."

ಮಾವ ಮೆಟ್ಟಿಲು ಇಳಿಯುವಾಗಲೇ ಶುರು ಮಾಡಿದರು. "ಗಿರಾಕಿ ಕೈ ತಪ್ಪಬಾರ್ದು ಅಂತ ಹಿಂಗಂತಾಳೆ. ಕೊನೆ ಮೊದಲಿಲ್ಲದ ವ್ಯವಹಾರ."

"ನಿಮ್ಮ ಮೊಣಕಾಲಿಗೆ ಎಷ್ಟು ವರ್ಷದಿಂದ ಎಣ್ಣೆ ತಿಕ್ಕಿಸ್ಕೊಂತಿದೀರಿ ಮಾವ? ಅದು ಯಾವಾಗ ಮುಗೀತದೆ ಅಂತ ಯಾರನ್ನಾದ್ರೂ ಕೇಳಿದೀರಾ?" ಅಂದೆ. ಅವತ್ತಿನಿಂದ ಎರಡು ವಾರ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಅಷ್ಟು ದಿನ ನೆಮ್ಮದಿಯಾಗಿತ್ತು.

ಅತ್ತೆ ಶಾಂತಾದೇವಿಯದು ಬೇರೆ ಕಥೆ. ಮೇಘು ಅಂದರೆ ಅವರಿಗೆ ಪ್ರಾಣ. ಅವಳು ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಹೊರಗಿನ ಬೆಂಚು ಬಿಟ್ಟು ಏಳದೆ ಕೂತವರು ಅವರು. ಆದರೆ ಮೇಘು ಎಡಗೈಯಲ್ಲಿ ತುತ್ತೆತ್ತಿದರೆ ಅವರ ಮುಖ ಹುಳ್ಳಗಾಗುತ್ತಿತ್ತು. "ಅದು ಹೊಲಸು ಕೈ ಬಂಗಾರ, ಅದ್ರಾಗೆ ಉಣ್ಣಬಾರ್ದು. ದೇವ್ರು ಮೆಚ್ಚಲ್ಲ," ಅನ್ನುತ್ತಿದ್ದರು. ಯಾರಿಗಾದರೂ ಎಡಗೈಯಲ್ಲಿ ಏನಾದರೂ ಕೊಟ್ಟರೆ, ಮಧ್ಯೆ ತಾವೇ ಕಸಿದುಕೊಂಡು ಬಲಗೈಯಲ್ಲಿ ದಾಟಿಸುತ್ತಿದ್ದರು. ಇರುವುದೊಂದೇ ಕೈ, ಅದಕ್ಕೂ ಬೈಗುಳ. ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಅವರು ಕೇಳಲಿಲ್ಲ.

ಇದೆಲ್ಲದರ ನಡುವೆಯೂ ಮೇಘು ಕಲಿಯುತ್ತಿದ್ದಳು. ಬುತ್ತಿ ಡಬ್ಬಿಯನ್ನು ಬಲ ಮುಂಗೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು, ಎಡಗೈಯಿಂದ ಮುಚ್ಚಳ ತೆಗೆಯುವುದನ್ನು ಕಲಿತ ದಿನ ಮನೆಯ ಡಬ್ಬಿಗಳನ್ನೆಲ್ಲ ತೆಗೆದು ಸಾಸಿವೆಯನ್ನು ಅಡುಗೆಮನೆ ತುಂಬಾ ಚೆಲ್ಲಿದಳು. ಗುಡಿಸುತ್ತಾ ಗುಡಿಸುತ್ತಾ ನಾನು ಖುಷಿಗೆ ಅತ್ತುಬಿಟ್ಟೆ.

ಸಂಘಮಿತ್ರಾ ಅವಳಿಗೆ ಒಂದು ಆಟ ಹೇಳಿಕೊಟ್ಟಿದ್ದರು. ಹಳೇ ಸಾಕ್ಸಿಗೆ ಎರಡು ಗುಂಡಿ ಹೊಲಿದು ಕಣ್ಣು ಮಾಡಿದ್ದರು. ಅದರ ಹೆಸರು ಗುಂಡಣ್ಣ. ಗುಂಡಣ್ಣನನ್ನು ಎಡಗೈಗೆ ಹಾಕಿದರೆ ಎಡಗೈ ಮಲಗಿತು ಅಂತ ಲೆಕ್ಕ. ಅವನು ಮಲಗಿರುವಷ್ಟು ಹೊತ್ತು ಬಲಗೈ ಆಡಬೇಕು. ಹುಣಸೆಬೀಜ ತಳ್ಳಬೇಕು, ಸ್ಪಂಜು ಹಿಂಡಬೇಕು. ಮೇಘು "ಗುಂಡಣ್ಣ ಎದ್ದ!" ಅಂದಳೋ, ಮರುಮಾತಿಲ್ಲದೆ ಸಾಕ್ಸು ತೆಗೆಯಬೇಕು. ಅದು ಅವರಿಬ್ಬರ ಕರಾರು. ಸಂಘಮಿತ್ರಾ ಒಂದು ಸಲವೂ ಅದನ್ನು ಮುರಿಯಲಿಲ್ಲ, ಅದಕ್ಕೇ ಮೇಘು ತಾನೇ ಕೈ ಚಾಚಿ "ಗುಂಡಣ್ಣನ್ನ ಹಾಕ್ರಿ" ಅನ್ನುತ್ತಿದ್ದಳು.

ಆಷಾಢದಲ್ಲಿ ನ್ಯಾಮತಿಯಲ್ಲಿರುವ ನನ್ನ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಬ್ಯಾಂಕಿಗೆ ಒಂದು ವಾರ ರಜೆ ಹಾಕಿ ಹೋದೆ. ಮೇಘುವಿಗೆ ಶಾಲೆ ತಪ್ಪಬಾರದು ಅಂತ ಚನ್ನಗಿರಿಯಲ್ಲೇ ಬಿಟ್ಟೆ. ಶನಿವಾರ ಥೆರಪಿಗೆ ಅವಳನ್ನು ಕರೆದುಕೊಂಡು ಹೋದದ್ದು ಅತ್ತೆ. ಅಲ್ಲಿ ಗುಂಡಣ್ಣನನ್ನು ನೋಡಿದರು. "ಎಡಗೈ ಕಟ್ತೀರಾ ಮೇಡಂ?" ಅಂತ ಕೇಳಿದರಂತೆ. "ಹೂಂ ಆಂಟಿ, ಆಟಕ್ಕೆ, ಸ್ವಲ್ಪ ಹೊತ್ತು. ಅವಳು ಸಾಕು ಅಂದ್ರೆ ಬಿಚ್ತೀವಿ," ಅಂದರಂತೆ ಸಂಘಮಿತ್ರಾ.

ಅತ್ತೆ ಕೇಳಿಸಿಕೊಂಡದ್ದು ಹೂಂ ಅಷ್ಟೇ. ಇಷ್ಟು ವರ್ಷ ತಾವು ಹೇಳಿದ್ದನ್ನು ಓದಿದವಳೂ ಒಪ್ಪಿದಳು, ಎಡಗೈ ಕಟ್ಟಿಹಾಕುವುದೇ ಮದ್ದು ಅಂತ ಅವರಿಗೆ ಖಾತ್ರಿಯಾಯಿತು. ಡಾಕ್ಟರಮ್ಮ ಸ್ವಲ್ಪ ಹೊತ್ತು ಕಟ್ಟಿದರೆ ಸ್ವಲ್ಪ ಗುಣ, ದಿನವಿಡೀ ಕಟ್ಟಿದರೆ ಬೇಗ ಗುಣ. ಶ್ರಾವಣ ಬೇರೆ ಹತ್ತಿರ ಬಂದಿತ್ತು. ಫೋನಿನಲ್ಲಿ ನಾನು ವಿಚಾರಿಸಿದಾಗೆಲ್ಲ "ಚೆನ್ನಾಗಿದಾಳೆ, ನೀ ಬರೋ ಹೊತ್ತಿಗೆ ನೋಡು ಹೆಂಗಾಗಿರ್ತಾಳೆ" ಅನ್ನುತ್ತಿದ್ದರು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನಾನು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ನಾನು ಎಲ್ಲಿಂದಲೇ ಬರಲಿ, ಗೇಟಿನ ಸದ್ದಿಗೆ ಮೇಘು ಕಾಲೆಳೆಯುತ್ತಾ ಓಡಿ ಬರುತ್ತಾಳೆ. ಅವತ್ತು ಬರಲಿಲ್ಲ. ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಳು. ಎಡಗೈಗೆ ಮಾವನ ಹಳೇ ಪಂಚೆ ಹರಿದು ಸುತ್ತಿ, ಮುಷ್ಟಿ ಕಾಣದ ಹಾಗೆ ಬಿಗಿದು ಗಂಟು ಹಾಕಿದ್ದರು. ಬಲಗೈಯಿಂದ ಅನ್ನ ಕೆದಕುತ್ತಿದ್ದಳು. ತಟ್ಟೆಯ ಸುತ್ತ ಅನ್ನ, ಲಂಗದ ಮೇಲೆ ಅನ್ನ, ಬಾಯಿಗೆ ಮಾತ್ರ ಒಂದಗುಳಿಲ್ಲ. ಎದುರಿಗೆ ಅತ್ತೆ, "ಉಣ್ಣು ಬಂಗಾರ, ಇವತ್ತು ನಿನ್ನೆಗಿಂತ ಚಲೋ ಐತೆ," ಅನ್ನುತ್ತಿದ್ದರು. ಅವರ ಕಣ್ಣಲ್ಲೂ ನೀರಿತ್ತು. ಆದರೂ ಬಿಚ್ಚಿರಲಿಲ್ಲ!

ನಾನು ಬ್ಯಾಗು ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಗಂಟು ಬಿಚ್ಚಲು ಬರಲಿಲ್ಲ, ಕತ್ತರಿ ತಂದು ಕತ್ತರಿಸಿದೆ. ಕೈ ಬೆವರಿ ಬೆಳ್ಳಗಾಗಿತ್ತು, ಮಣಿಕಟ್ಟಿನಲ್ಲಿ ಕೆಂಪು ಬಳೆಯ ಹಾಗೆ ಗುರುತು ಬಿದ್ದಿತ್ತು. ಮೇಘು ನನ್ನ ಕಿವಿಯ ಹತ್ತಿರ ಬಾಯಿ ತಂದು, "ಗುಂಡಣ್ಣ ಎದ್ದ ಅಂತ ಎಷ್ಟು ಸಲ ಹೇಳಿದೆ ಅಮ್ಮ, ಯಾರೂ ಬಿಚ್ಚಲಿಲ್ಲ," ಅಂದಳು.

ಆಮೇಲೆ ನಾನು ಕೂಗಿದ್ದು ಮಂಡಿಯವರೆಗೂ ಕೇಳಿಸಿರಬೇಕು. ಕೇಳಿಸಲಿ. ಒಂದೊಂದಾಗಿ ಹೊರಗೆ ಬಂತು. ಶಾಲೆಗೂ ಹಾಗೇ ಕಟ್ಟಿ ಕಳಿಸಿದ್ದರು. ಕ್ಲಾಸಿನ ಮೇಡಂ, ಡಾಕ್ಟರು ಹೇಳಿದ್ದಾರಂತೆ ಅಂತ ಬಿಚ್ಚಲಿಲ್ಲ. ಚಡ್ಡಿ ಜಾರಿಸಲು ಕೈಯಿಲ್ಲದೆ ಮಗು ಯೂನಿಫಾರ್ಮಿನಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಮಕ್ಕಳು ನಕ್ಕಿದ್ದವು. ಅದಾದ ಮೇಲೆ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲವಂತೆ.

"ಎಳೇ ಕೂಸಿನ ಕೈ ಕಟ್ಟಾಕೆ ನಿಮಗೆ ಮನಸ್ಸಾದ್ರೂ ಹೆಂಗ್ ಬಂತು ಅತ್ತೆ?"

"ಆ ಡಾಕ್ಟರಮ್ಮನೇ ಕಟ್ಟಿದ್ಲು! ನಾನು ಕಣ್ಣಾರೆ ನೋಡೀನಿ. ಅವಳು ಕಟ್ಟಿದ್ರೆ ಔಷಧಿ, ನಾನು ಕಟ್ಟಿದ್ರೆ ಪಾಪಾನಾ?"

"ಅವರು ಬಿಚ್ತಿದ್ರು! ಕೂಸು ಸಾಕು ಅಂದ ತಕ್ಷಣ ಬಿಚ್ತಿದ್ರು!"

ಮಾವ ಒಳಗೆ ಬಂದು, "ಬೀದಿಗೆ ಕೇಳ್ತದೆ, ಮೆತ್ತಗೆ ಮಾತಾಡು. ಯಾರೂ ಕೊಲೆ ಮಾಡಿಲ್ಲ ಇಲ್ಲಿ," ಅಂದರು. ನನ್ನ ಗಂಡ ವಿನಯ್ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು. "ಅಮ್ಮ ಒಳ್ಳೇದಕ್ಕೇ ಮಾಡಿದ್ದು ಅರ್ಪಿತಾ."

"ನೀವೆಲ್ಲಿದ್ರಿ ಇಷ್ಟು ದಿನ?"

"ಮಂಡೀಲಿ ಕೆಲಸ ಇತ್ತು."

ಒಂದೇ ಮನೆಯಲ್ಲಿದ್ದುಕೊಂಡು ಮಗಳ ಕೈ ನೋಡದಷ್ಟು ಕೆಲಸ! ಅವತ್ತು ಅವರ ಮೇಲೆ ಬಂದ ಸಿಟ್ಟು ಅತ್ತೆಯ ಮೇಲೂ ಬರಲಿಲ್ಲ. ಅತ್ತೆಗೆ ತಿಳಿಯಲಿಲ್ಲ. ಇವರು ತಿಳಿಯುವ ಗೋಜಿಗೇ ಹೋಗಲಿಲ್ಲ.

ಕಟ್ಟು ಬಿಚ್ಚಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ತಟ್ಟೆ ಮುಂದಿಟ್ಟರೆ ಮೇಘು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. "ತಗೋ ಚಿನ್ನ, ಆ ಕೈಲೇ ಉಣ್ಣು," ಅಂದರೆ ಅಜ್ಜಿ ಇದ್ದಾರಾ ಅಂತ ತಿರುಗಿ ನೋಡಿದಳು. ಪೆನ್ಸಿಲ್ ಕೊಟ್ಟರೂ ಅಷ್ಟೇ, ಬಾಚಣಿಗೆ ಕೊಟ್ಟರೂ ಅಷ್ಟೇ. ಡಬ್ಬಿ ತೆಗೆದು ಸಾಸಿವೆ ಚೆಲ್ಲಿದವಳು ಈಗ ನಾನು ತುತ್ತು ಮಾಡಿ ಕೊಟ್ಟರೆ ಬಾಯಿ ತೆರೆಯುತ್ತಿದ್ದಳು. ಬಲಗೈಯಂತೂ ಮೊದಲಿನದೇ. ಇದ್ದ ಒಂದು ಕೈಯೂ ಹೋಯಿತು.

ಶನಿವಾರ ಥೆರಪಿಗೆ ಹೋದಾಗ, ಮೇಜಿನ ಮೇಲೆ ಗುಂಡಣ್ಣನನ್ನು ಕಂಡವಳೇ ಮೇಘು ಕುರ್ಚಿಯ ಕೆಳಗೆ ಸೇರಿಕೊಂಡಳು. ಎಷ್ಟು ಕರೆದರೂ ಬರಲಿಲ್ಲ. ನಾನು ನಡೆದದ್ದನ್ನು ಹೇಳುತ್ತಾ ಹೋದ ಹಾಗೆ ಸಂಘಮಿತ್ರಾರ ಮುಖ ಬಿಗಿಯಾಯಿತು. ಯಾವತ್ತೂ ದನಿ ಎತ್ತದವರು ಸಾಕ್ಸನ್ನು ಎತ್ತಿ ಬೀರುವಿನೊಳಗೆ ಎಸೆದು ದಡಕ್ಕನೆ ಬಾಗಿಲು ಹಾಕಿದರು.

"ಮತ್ತೆ ಇದನ್ನ ಹೊರಗೆ ತೆಗಿಯಲ್ಲ ನಾನು. ನನ್ನ ಮಾತು ನಂಬಿ ಅವಳು ಕೈ ಕೊಟ್ಟಿದ್ಲು. ಈಗ ಬಲಗೈ ವಿಷಯ ಬಿಡ್ರಿ ಅರ್ಪಿತಾ. ಮೊದಲು ಆ ಎಡಗೈ ವಾಪಸ್ ಬರಬೇಕು."

ಎಷ್ಟು ದಿನ ಅಂತ ನಾನು ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ.

ದೀಕ್ಷೆಯನ್ನು ಮುಂದೂಡಿ ಅಂತ ಮನೆಯಲ್ಲಿ ಜಗಳ ಮಾಡಿದೆ. "ಸ್ವಾಮಿಗಳು ಕೊಟ್ಟ ದಿನ. ಬದಲಾಯಿಸಾಕೆ ಅದೇನು ನಿಮ್ಮ ಬ್ಯಾಂಕಿನ ಮೀಟಿಂಗಾ?" ಅಂದರು ಮಾವ. ಅತ್ತೆ ಕಟ್ಟುವುದನ್ನು ಬಿಟ್ಟಿದ್ದರು, ಆದರೆ ಸಂಜೆ ಮೇಘುವನ್ನು ಕೂರಿಸಿಕೊಂಡು, ಅವಳ ಬಲಗೈ ಬೆರಳುಗಳ ನಡುವೆ ಬಿಲ್ವಪತ್ರೆ ಸಿಕ್ಕಿಸಿ, ತಮ್ಮ ಕೈಯಿಂದ ಒತ್ತಿ ಹಿಡಿದು, ಮುಂದಿಟ್ಟ ತಟ್ಟೆಗೆ ಪತ್ರೆ ಏರಿಸುವುದನ್ನು ಹೇಳಿಕೊಡುತ್ತಿದ್ದರು. ಮೇಘು ಸುಮ್ಮನೆ ಕೂರುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಅಂತೂ ಆ ದಿನ ಬಂತು. ನಡುಮನೆಯಲ್ಲಿ ಜಮಖಾನ ಹಾಸಿ ನೆಂಟರೆಲ್ಲ ಕೂತರು. ಮೇಘುವಿಗೆ ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಸ ಬಿಳೀ ಲಂಗ ತೊಡಿಸಿ, ಸ್ವಾಮಿಗಳ ಎದುರಿಗೆ ಮಣೆಯ ಮೇಲೆ ಕೂರಿಸಿದರು. ಮಾವ ಮೊದಲ ಸಾಲಿನಲ್ಲಿ ಕೈ ಮುಗಿದು ಕೂತಿದ್ದರು. ಅತ್ತೆ ಪತ್ರೆಯ ತಟ್ಟೆ ಹಿಡಿದುಕೊಂಡು ಮಗುವಿನ ಬಲಕ್ಕೇ ಕೂತಿದ್ದರು. ಎಲ್ಲರ ಕಣ್ಣೂ ಆ ಬಲಗೈ ಮೇಲೆ. ನನ್ನದೂ ಅಲ್ಲೇ ಇತ್ತು. ಎಡಗೈ ಯಾರಿಗೂ ನೆನಪಾಗಲಿಲ್ಲ.

ಸ್ವಾಮಿಗಳು ವಯಸ್ಸಾದವರು. ಮಂತ್ರ ಹೇಳಿ, ಲಿಂಗವನ್ನು ತೊಳೆದು ಕೈಯಲ್ಲಿ ಹಿಡಿದು, "ಎಲ್ಲಿ ತಾಯಿ, ಎಡಗೈ ಚಾಚು," ಅಂದರು.

ಮೇಘು ಎಡಗೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡಳು.

"ಚಾಚವ್ವ. ಅಂಗೈ ಮೇಲೆ ಮಾಡು. ಶಿವ ಅಲ್ಲೇ ಬಂದು ಕೂರ್ತಾನೆ."

ಮೇಘು ಎದೆಯ ಹತ್ತಿರದಿಂದ ಬಲಗೈಯನ್ನು ಬಹಳ ಕಷ್ಟಪಟ್ಟು ಮುಂದೆ ತಂದಳು. ಮುಷ್ಟಿ ಬಿಚ್ಚಲಿಲ್ಲ. ಅಜ್ಜಿ ಹೇಳಿಕೊಟ್ಟ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವ ಹುರುಪಿನಲ್ಲಿ ಸ್ಪಷ್ಟವಾಗಿ ಹೇಳಿದಳು. "ಇದ್ರಾಗೆ ಇಡ್ರಿ ಬುದ್ಧಿ. ಅದು ಹೊಲಸು ಕೈ. ದೇವ್ರು ಮೆಚ್ಚಲ್ಲ."

ಸ್ವಾಮಿಗಳ ಎಡ ಅಂಗೈಯಲ್ಲಿ ಲಿಂಗವಿತ್ತು. ಅವರು ಅದನ್ನೊಮ್ಮೆ ನೋಡಿ, ಮಗುವನ್ನು ನೋಡಿದರು. "ಯಾರು ಹೇಳಿದ್ರವ್ವ ಹಂಗಂತ?"

ಮೇಘು ಅಜ್ಜಿಯ ಕಡೆ ನೋಡಿದಳು. ಚಾಡಿ ಹೇಳುವ ನೋಟವಲ್ಲ, ಸರಿಯಾಗಿ ಹೇಳಿದೆನಾ ಅಂತ ಕೇಳುವ ನೋಟ.

ಅತ್ತೆಯ ಕೈಯಿಂದ ತಟ್ಟೆ ಜಾರಿ ಪತ್ರೆಯೆಲ್ಲ ಜಮಖಾನದ ಮೇಲೆ ಚೆಲ್ಲಿತು. ಈ ಹೆಂಗಸು ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿಸದೆ, ಬೆಳಿಗ್ಗೆ ಮಿಂದು, ಎದೆಯ ಮೇಲಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತವರು. ಅದೇ ಎಡಗೈ! ನಾನೂ ಅವರ ಪಕ್ಕದಲ್ಲಿ ಕೂತು ಅದೇ ಕೈಯಲ್ಲಿ ಪೂಜೆ ಮಾಡಿದವಳೇ. ಇಷ್ಟು ಜಗಳ ಆಡಿದೆನಲ್ಲ, ಈ ಒಂದು ಮಾತು ನನಗೂ ಹೊಳೆಯಲಿಲ್ಲ. ಏಳು ವರ್ಷದ ಕೂಸು ಎಲ್ಲರ ಮುಂದೆ ಮಣೆಯ ಮೇಲೆ ಕೂತು ಹೇಳಬೇಕಾಯಿತು.

"ನಾನೇ ಹೇಳಿದ್ದು ಬುದ್ಧಿ," ಅಂದರು ಅತ್ತೆ.

ಸ್ವಾಮಿಗಳು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಇಟ್ಟು, ಮೇಘುವಿನ ತಲೆ ನೇವರಿಸಿ, ಮಾವನ ಕಡೆ ತಿರುಗಿದರು. "ಇವತ್ತು ಬ್ಯಾಡ ಹಾಲಸ್ವಾಮಿ. ಈ ಕೂಸು ತಾನಾಗಿ ಎಡಗೈ ಚಾಚಿದ ದಿನ ಹೇಳಿ ಕಳಿಸು, ನಾನೇ ಬರ್ತೀನಿ. ಎಷ್ಟು ದಿನ ಆದ್ರೂ ಆಗಲಿ, ಅವಸರ ಮಾಡಬ್ಯಾಡ."

"ಅಪ್ಪಣೆ ಬುದ್ಧಿ," ಅಂತ ಮಾವ ನೆಲಕ್ಕೆ ಹಣೆ ಹಚ್ಚಿದರು.

ಇದೇ ಮಾತನ್ನು ಸಂಘಮಿತ್ರಾ ಹೇಳಿದಾಗ ಅದು ಗಿರಾಕಿ ಹಿಡಿಯುವ ವ್ಯವಹಾರವಾಗಿತ್ತು. ಸ್ವಾಮಿಗಳು ಹೇಳಿದರೆ ಅಪ್ಪಣೆ. ನನಗೆ ಅಲ್ಲೇ ಎದ್ದು ನಿಂತು ಕೂಗಬೇಕು ಅನ್ನಿಸಿತು. ಮಗು ಮಣೆಯ ಮೇಲೆ ಬೆಪ್ಪಾಗಿ ಕೂತಿತ್ತು, ತನ್ನಿಂದ ಏನು ತಪ್ಪಾಯಿತು ಅಂತ ಅದಕ್ಕೆ ಗೊತ್ತಾಗಲಿಲ್ಲ. ಎತ್ತಿಕೊಂಡು ಒಳಗೆ ಹೋದೆ.

ಮಾಡಿದ ಅಡುಗೆಯನ್ನು ನೆಂಟರು ಉಂಡು ಹೋದರು. ಹೋಗುವಾಗ ಇಬ್ಬರು ನನ್ನ ಹತ್ತಿರ ಬಂದು "ಇನ್ನು ಎಷ್ಟು ದಿನ ಬೇಕಂತೆ?" ಅಂತ ಕೇಳಿದರು. ನಾನು ಮುಖ ತಿರುಗಿಸಿದೆ.

ಅತ್ತೆ ಈಗ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಪೂಜೆಗೆ ಕೂರುತ್ತಾರೆ. ಮೇಘು ಊಟಕ್ಕೆ ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಾರೆ, ತಾವು ಎದುರಿಗಿದ್ದರೆ ಅವಳು ಕೈ ತೆಗೆಯುವುದಿಲ್ಲ ಅಂತ ಅವರಿಗೆ ಗೊತ್ತಾಗಿದೆ. ಅವರ ಮೇಲೆ ಕನಿಕರ ಬರಬೇಕು. ನನಗಿನ್ನೂ ಬಂದಿಲ್ಲ.

ಮುಂದಿನ ಶನಿವಾರ ಮೇಘುವನ್ನು ಕರೆದುಕೊಂಡು ಹೊರಟಿದ್ದೆ. ವಿನಯ್ ತಾವೂ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿಕೊಂಡರು, ನಾನು ಬನ್ನಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಮಾವ ಜಗಲಿಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ರೂಢಿ ಬಿಡಬೇಕಲ್ಲ, ಬಾಯಿಗೆ ಬಂದೇಬಿಟ್ಟಿತು.

"ಇನ್ನೂ ಎಷ್ಟು ದಿನ ಬೇಕಂತೆ, ಅರ್ಪಿತಾ?"

"ಮೊದಲು ಒಂದು ಕೈಗೆ ಬೇಕಾಗಿತ್ತು ಮಾವ," ಅಂದೆ. "ನೀವೆಲ್ಲ ಸೇರಿ ಈಗ ಎರಡು ಕೈಗೆ ಮಾಡಿದೀರಿ. ಎಷ್ಟು ದಿನ ಆಗ್ತದೆ ಅಂತ ಲೆಕ್ಕ ನೀವೇ ಹಾಕ್ರಿ."

ಅವತ್ತಿನಿಂದ ಅವರು ಆ ಮಾತು ಕೇಳಿಲ್ಲ.